ಮಾತಿಲ್ಲದೆ ಕಲಿಸಿದ ತಾಯಿ ಶ್ರೀ ಶಾರದಾದೇವಿ

ಶ್ರೀಮಾತೆ ಶಾರದಾದೇವಿಯವರು 1853ರ ಡಿಸೆಂಬರ್ 22ರಂದು ಬಂಗಾಳದ ಜಯರಾಂಬಾಟಿ ಎಂಬ ಹಳ್ಳಿಯಲ್ಲಿ ಜನಿಸಿದರು. ಐದನೇ ವಯಸ್ಸಿಗೇ ಶ್ರೀರಾಮಕೃಷ್ಣರೊಂದಿಗೆ ವಿವಾಹವಾಯಿತು. ಶಾಲೆಯ ಓದು ಅಷ್ಟಕ್ಕಷ್ಟೇ. 1872ರಲ್ಲಿ ದಕ್ಷಿಣೇಶ್ವರಕ್ಕೆ ಬಂದ ಅಮ್ಮ, ನಹಬತ್ತಿನ ಕಿರುಕೋಣೆಯಲ್ಲಿದ್ದು ಪತಿಗೂ ಬಂದ ಭಕ್ತರಿಗೂ ಅಡಿಗೆ ಮಾಡಿ ಹಾಕುತ್ತಿದ್ದರು.

1886ರಲ್ಲಿ ಶ್ರೀರಾಮಕೃಷ್ಣರು ದೇಹ ಬಿಟ್ಟರು. ಆಮೇಲೆ ಕಾಮಾರಪುಕುರದಲ್ಲಿ ಅಮ್ಮನಿಗೆ ಬಂದ ಕಷ್ಟ ಅಷ್ಟಿಷ್ಟಲ್ಲ. ಅನ್ನಕ್ಕೆ ಉಪ್ಪೂ ಇಲ್ಲದ ದಿನಗಳಿದ್ದವು. ಆದರೂ ಯಾರ ಮುಂದೂ ಕೈ ಚಾಚಲಿಲ್ಲ. ವಿಷಯ ತಿಳಿದ ಭಕ್ತರು ಕಲ್ಕತ್ತೆಗೆ ಕರೆಸಿಕೊಂಡರು. 1898ರಲ್ಲಿ ಸೋದರಿ ನಿವೇದಿತಾ ಹೆಣ್ಣುಮಕ್ಕಳ ಶಾಲೆ ತೆರೆದಾಗ ಮೊದಲ ಪೂಜೆ ಮಾಡಿ ಹರಸಿದವರು ಈ ತಾಯಿಯೇ.

ಅಂಜದ್ ಎಂಬ ಮುಸಲ್ಮಾನ ಕೂಲಿಯಾಳಿಗೆ ಕಳ್ಳ ಅಂತ ಊರಲ್ಲಿ ಕೆಟ್ಟ ಹೆಸರು. ಅವನಿಗೆ ಮನೆಯವರು ದೂರದಿಂದ ಊಟ ಎಸೆದಿದ್ದು ಅಮ್ಮನಿಗೆ ಸಹಿಸಲಿಲ್ಲ. ತಾವೇ ಬಡಿಸಿ, ಉಂಡ ಜಾಗವನ್ನು ತಾವೇ ತೊಳೆದರು. ಜಾತಿ ಕೆಟ್ಟಿತು ಅಂತ ಮನೆಯವರು ಗಾಬರಿಯಾದರೂ ಅಮ್ಮ ಜಗ್ಗಲಿಲ್ಲ. ಮಗ ಅಂದ ಮೇಲೆ ಮಗನೇ.

1911ರಲ್ಲಿ ರಾಮೇಶ್ವರ ಯಾತ್ರೆ ಮುಗಿಸಿ ಬೆಂಗಳೂರಿನ ಬಸವನಗುಡಿ ಆಶ್ರಮಕ್ಕೆ ಬಂದರು. ಅಮ್ಮನಿಗೆ ಕನ್ನಡ ಬಾರದು, ನೆರೆದ ಜನಕ್ಕೆ ಬಂಗಾಳಿ ಬಾರದು. ಸುಮ್ಮನೆ ಕುಳಿತರು, ಅಷ್ಟಕ್ಕೇ ಜನರ ಮನಸ್ಸು ತುಂಬಿತು. ಸಂಜೆ ಅವರು ಕುಳಿತ ಆಶ್ರಮದ ಬಂಡೆಗೆ ಭಕ್ತರು ಇಂದಿಗೂ ಕೈ ಮುಗಿಯುತ್ತಾರೆ.

1920ರ ಜುಲೈನಲ್ಲಿ ಕಲ್ಕತ್ತೆಯಲ್ಲಿ ಅಮ್ಮ ಇಹಲೋಕ ತ್ಯಜಿಸಿದರು. ಪರರ ತಪ್ಪು ಹುಡುಕದೆ ಎಲ್ಲರನ್ನೂ ತನ್ನವರೆಂದು ಕಾಣುವುದೇ ಅವರು ಬಿಟ್ಟುಹೋದ ಪಾಠ. ಅದನ್ನು ಮೊದಲು ಬಾಳಿ ತೋರಿಸಿ, ಆಮೇಲೆ ಹೇಳಿದರು.