ಗೃಹ ವಿದ್ಯುತ್ ಸುರಕ್ಷತೆ: ಡೇಮ್ ಕ್ಯಾರೊಲಿನ್ ಹ್ಯಾಸ್ಲೆಟ್ (1895–1957)

ಗೃಹಬಳಕೆಯ ವಿದ್ಯುತ್ ಸುರಕ್ಷತೆಯ ಇತಿಹಾಸದಲ್ಲಿ ಸ್ಮರಣೀಯರಾದ ಕ್ಯಾರೊಲಿನ್ ಹ್ಯಾಸ್ಲೆಟ್ ಅವರು 1895ರ ಆಗಸ್ಟ್ 17ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ವರ್ತ್ ಗ್ರಾಮದಲ್ಲಿ ಜನಿಸಿದರು. ತಂದೆ ರೈಲ್ವೆಯಲ್ಲಿ ಸಿಗ್ನಲ್ ಫಿಟ್ಟರ್ ಆಗಿದ್ದರು. ಲಂಡನ್ನಿನ ಬಾಯ್ಲರ್ ಕಂಪನಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿದ ಅವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದೇ ಕಂಪನಿಯ ಕಾರ್ಖಾನೆಯಲ್ಲಿ ಇಂಜಿನಿಯರಿಂಗ್ ತರಬೇತಿ ಹೊಂದಿದರು. 1919ರಲ್ಲಿ ಮಹಿಳಾ ಇಂಜಿನಿಯರುಗಳ ಸಂಘಕ್ಕೆ ಪ್ರಥಮ ಕಾರ್ಯದರ್ಶಿಯಾಗಿಯೂ, 1924ರಲ್ಲಿ ಸ್ಥಾಪನೆಯಾದ ಮಹಿಳೆಯರ ವಿದ್ಯುತ್ ಸಂಘಕ್ಕೆ ಪ್ರಥಮ ನಿರ್ದೇಶಕಿಯಾಗಿಯೂ ನೇಮಕಗೊಂಡರು.

ಕಲ್ಲಿದ್ದಲಿನ ಒಲೆ ಹಾಗೂ ಕೈಯಿಂದ ಬಟ್ಟೆ ಒಗೆಯುವ ಶ್ರಮದಿಂದ ಗೃಹಿಣಿಯರಿಗೆ ವಿದ್ಯುತ್ತು ಬಿಡುಗಡೆ ನೀಡಬಲ್ಲದೆಂಬುದು ಅವರ ದೃಢ ನಂಬಿಕೆಯಾಗಿತ್ತು. ಆದರೆ ಅಂದು ಬ್ರಿಟನ್ನಿನ ಮನೆಗಳಲ್ಲಿ ಎರಡು ಪಿನ್ನಿನ, ಮೂರು ಪಿನ್ನಿನ, ಒಂದಕ್ಕೊಂದು ಹೊಂದದ ಹಲವು ಅಳತೆಯ ಪ್ಲಗ್‌ಗಳು ಬಳಕೆಯಲ್ಲಿದ್ದವು. ಭೂಸಂಪರ್ಕವಿಲ್ಲದ ಸಾಕೆಟ್‌ಗೆ ಲೋಹದ ಹೊರಕವಚವುಳ್ಳ ಉಪಕರಣವನ್ನು ಜೋಡಿಸಿದಲ್ಲಿ, ಒಳಗಿನ ತಂತಿ ಸಡಿಲಗೊಂಡು ಕವಚವನ್ನು ತಾಗಿದ ಕೂಡಲೇ ಅದನ್ನು ಮುಟ್ಟಿದವರ ಪ್ರಾಣಕ್ಕೇ ಅಪಾಯ.

ಯುದ್ಧಾನಂತರದ ಮನೆಗಳ ವಿದ್ಯುತ್ ವ್ಯವಸ್ಥೆಯನ್ನು ರೂಪಿಸಲು 1942ರಲ್ಲಿ ರಚಿತವಾದ ಇಪ್ಪತ್ತು ಸದಸ್ಯರ ಸಮಿತಿಯಲ್ಲಿ ಹ್ಯಾಸ್ಲೆಟ್ ಏಕೈಕ ಮಹಿಳೆ. ಎಳೆಯ ಮಕ್ಕಳು ಸಾಕೆಟ್‌ನ ರಂಧ್ರಗಳಿಗೆ ಕಡ್ಡಿ, ಸೂಜಿ ತೂರಿಸದಂತೆ ಒಳಗೆ ಮುಚ್ಚಳವಿರಬೇಕೆಂದು ಸಮಿತಿಯು ಶಿಫಾರಸು ಮಾಡಿತು. 1947ರಲ್ಲಿ ಪ್ರಕಟವಾದ 13 ಆಂಪಿಯರ್ ಪ್ಲಗ್‌ನ ಬ್ರಿಟಿಷ್ ಮಾನಕದಲ್ಲಿ ಇದು ಜಾರಿಗೆ ಬಂದಿತು. ಇದರಲ್ಲಿ ಭೂಸಂಪರ್ಕದ ಪಿನ್ ಉಳಿದೆರಡಕ್ಕಿಂತ ಉದ್ದ. ಅದು ಮೊದಲು ಒಳಹೊಕ್ಕು ಮುಚ್ಚಳವನ್ನು ತೆರೆಯುತ್ತದೆ. ವಿದ್ಯುತ್ ಹರಿಯುವ ಮುನ್ನವೇ ಉಪಕರಣದ ಕವಚ ಭೂಮಿಗೆ ಸಂಪರ್ಕ ಹೊಂದಿರುತ್ತದೆ. ದೋಷವುಂಟಾದಲ್ಲಿ ವಿದ್ಯುತ್ತು ಆ ಮಾರ್ಗವಾಗಿ ಹರಿದು ಫ್ಯೂಸ್ ಕರಗುತ್ತದೆ.

ಭಾರತದಲ್ಲಿ ಬಳಕೆಯಲ್ಲಿರುವ ದುಂಡು ಪಿನ್ನಿನ ಪ್ಲಗ್ ಅದಕ್ಕೂ ಹಿಂದಿನ ಬ್ರಿಟಿಷ್ ಮಾದರಿಯಿಂದ ಬಂದದ್ದು. ಇದರಲ್ಲಿಯೂ ಮೇಲಿನ ಪಿನ್ ದಪ್ಪವಾಗಿಯೂ ಉದ್ದವಾಗಿಯೂ ಇರುವುದನ್ನು ಗ್ರಾಹಕರು ಗಮನಿಸಬಹುದು. ಇಸ್ತ್ರಿಪೆಟ್ಟಿಗೆ, ಗೀಸರ್, ಫ್ರಿಜ್‌ಗಳ ಈ ಪಿನ್ನನ್ನು ತೆಗೆದುಹಾಕಿ ಎರಡು ಪಿನ್ನಿನಲ್ಲಿಯೇ ಬಳಸುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದಾಗ ಉಪಕರಣವು ಎಂದಿನಂತೆಯೇ ಕೆಲಸ ಮಾಡುವುದರಿಂದ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಸಾಕೆಟ್‌ನ ಮೂರನೆಯ ರಂಧ್ರಕ್ಕೆ ಭೂಸಂಪರ್ಕದ ತಂತಿಯನ್ನೇ ಜೋಡಿಸದಿದ್ದರೂ ಪರಿಣಾಮ ಒಂದೇ.

1947ರಲ್ಲಿಯೇ ಹ್ಯಾಸ್ಲೆಟ್ ಅವರಿಗೆ ಡೇಮ್ ಗೌರವ ಸಂದಿತು. 1957ರ ಜನವರಿ 4ರಂದು ಅವರು ನಿಧನರಾದರು. ತಮ್ಮ ಅಂತ್ಯಕ್ರಿಯೆಯು ವಿದ್ಯುತ್ ಚಿತಾಗಾರದಲ್ಲಿಯೇ ನೆರವೇರಬೇಕೆಂದು ಉಯಿಲಿನಲ್ಲಿ ಅವರು ಕೋರಿದ್ದರು.