ಮಲಯಾಳ ಚಿತ್ರರಂಗದ ಮೂಲಪುರುಷ ಜೆ. ಸಿ. ಡೇನಿಯಲ್

ಚಿತ್ರಮಂದಿರದಲ್ಲಿ ಎರಡು-ಮೂರು ಗಂಟೆ ಕುಳಿತು ಸಂತೋಷದಿಂದ ಹೊರಬರುವ ಪ್ರೇಕ್ಷಕನಿಗೆ ಆ ಚಿತ್ರದ ಹಿಂದಿನ ಕಷ್ಟನಷ್ಟಗಳು ಗೋಚರಿಸುವುದಿಲ್ಲ. ಧಾರಾಳವಾಗಿ ಬಂಡವಾಳವುಳ್ಳವರಿಗೇ ಚಿತ್ರನಿರ್ಮಾಣವು ನಿದ್ದೆಗೆಡಿಸುವ ಉದ್ಯಮ. ಅಲ್ಪ ಹಣದಿಂದ ಅದಕ್ಕೆ ಕೈಹಾಕಿದವರ ಪಾಡಂತೂ ಹೇಳತೀರದು. ಕೊಚ್ಚಿ, ತಿರುವನಂತಪುರಗಳಲ್ಲಿ ಇಂದು ಹುಲುಸಾಗಿ ಬೆಳೆದಿರುವ ಮಲಯಾಳ ಚಿತ್ರೋದ್ಯಮಕ್ಕೆ ಅಸ್ತಿಭಾರವನ್ನು ಹಾಕಿದ ಜೆ. ಸಿ. ಡೇನಿಯಲ್ಲರ ಜೀವನವು ಇದಕ್ಕೆ ಜ್ವಲಂತ ನಿದರ್ಶನವಾಗಿದೆ.

ಜೋಸೆಫ್ ಚೆಲ್ಲಯ್ಯ ಡೇನಿಯಲ್ಲರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅಂದು ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ಅಗಸ್ತೀಶ್ವರದಲ್ಲಿ, ಅನುಕೂಲಸ್ಥ ಕ್ರೈಸ್ತ ನಾಡಾರ್ ಮನೆತನದಲ್ಲಿ ಜನಿಸಿದರು. ತಂದೆಯವರು ವೈದ್ಯರು. ತಿರುವನಂತಪುರದಲ್ಲಿ ವ್ಯಾಸಂಗ ಮಾಡಿದ ಡೇನಿಯಲ್ಲರಿಗೆ ಕಳರಿಪಯಟ್ಟಿನಲ್ಲಿ ಅಪಾರವಾದ ಆಸಕ್ತಿ. ಕತ್ತಿವರಸೆಯ ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಈ ವಿದ್ಯೆಯನ್ನು ಹೊರನಾಡಿನವರಿಗೆ ತೋರಿಸುವುದಕ್ಕೆ ಚಲಚ್ಚಿತ್ರವೇ ತಕ್ಕ ಸಾಧನವೆಂಬ ಯೋಚನೆಯು ಅವರ ತಲೆಯಲ್ಲಿ ಬೇರೂರಿತು.

ಆದರೆ ಕಲಿಸುವವರು ಯಾರು? ಮದರಾಸಿಗೆ ಹೋದರು, ಅಲ್ಲಿಯ ಸ್ಟುಡಿಯೋಗಳ ಬಾಗಿಲು ಅವರಿಗೆ ತೆರೆಯಲಿಲ್ಲ. ನಮ್ಮ ಮುಂಬಯಿಗೆ ಬಂದರು. ವಿದ್ಯಾರ್ಥಿಗಳಿಗೆ ತಿಳಿಸಿಕೊಡುವುದಕ್ಕಾಗಿ ಚಿತ್ರಕಲೆಯನ್ನು ನೋಡಬಂದ ಉಪಾಧ್ಯಾಯನೆಂದು ಹೇಳಿಕೊಂಡು ಒಳಹೊಕ್ಕು, ಕಂಡಷ್ಟನ್ನು ಕಲಿತು, ಅಗತ್ಯವಾದ ಸಲಕರಣೆಗಳೊಡನೆ ಊರಿಗೆ ಮರಳಿದರು. ಪಿತ್ರಾರ್ಜಿತ ಜಮೀನನ್ನು ಮಾರಿ ಬಂದ ಸುಮಾರು 30,000 ರೂಪಾಯಿಗಳೇ ಅವರ ಮೂಲಧನ. 1926ರಲ್ಲಿ ತಿರುವನಂತಪುರದ ಪಟ್ಟಂ ಬಳಿ ಟ್ರಾವಂಕೋರ್ ನ್ಯಾಶನಲ್ ಪಿಕ್ಚರ್ಸ್ ಸ್ಥಾಪಿತವಾಯಿತು. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ 'ಸತಿ ಸುಲೋಚನಾ'ದ ತಯಾರಿಕೆಗೆ ನಮ್ಮವರು ಕೊಲ್ಹಾಪುರದವರೆಗೆ ಹೋಗಬೇಕಾಯಿತೆಂಬುದನ್ನು ನೆನೆದರೆ, ಈ ತರುಣನ ಸಾಹಸವು ಎಷ್ಟು ದೊಡ್ಡದೆಂದು ವಾಚಕರಿಗೆ ಮನವರಿಕೆಯಾಗದಿರದು.

ಅಂದಿನ ಬಹುತೇಕ ಚಿತ್ರಗಳು ಪುರಾಣಕಥೆಗಳಾಗಿದ್ದಾಗ ಡೇನಿಯಲ್ಲರು ಸಾಮಾಜಿಕ ಕಥೆಯನ್ನು ಆರಿಸಿಕೊಂಡರು. ಕಳ್ಳರ ಪಾಲಾಗಿ ಸಿಂಹಳ ಸೇರಿದ ಬಾಲಕನೊಬ್ಬನ ವೃತ್ತಾಂತವದು. 'ವಿಗತಕುಮಾರನ್' ಎಂದು ಹೆಸರು. ಕಥೆ ಬರೆದವರೂ ನಿರ್ದೇಶಿಸಿದವರೂ ನಾಯಕನ ಪಾತ್ರ ವಹಿಸಿದವರೂ ಅವರೇ. ಬಾಲಕನ ಪಾತ್ರಕ್ಕೆ ಸ್ವಂತ ಮಗನನ್ನೇ ನಿಲ್ಲಿಸಿದರು.

ಆ ಕಾಲದ ಚಿತ್ರೀಕರಣದ ತೊಡಕುಗಳು ಒಂದೆರಡಲ್ಲ. ಕ್ಯಾಮರಾದ ಹಿಡಿಯನ್ನು ಕೈಯಿಂದಲೇ ಒಂದೇ ಸಮನೆ ತಿರುಗಿಸಬೇಕು. ವೇಗವು ತಪ್ಪಿದರೆ ತೆರೆಯ ಮೇಲಣ ಜನರು ಓಡುವಂತೆಯೋ ತೆವಳುವಂತೆಯೋ ಕಾಣುವರು. ಬೆಳಕಿಗೆ ಸೂರ್ಯನನ್ನೇ ನೆಚ್ಚಬೇಕು; ಮೋಡ ಕವಿದರೆ ಕೆಲಸವು ನಿಲ್ಲುವುದು, ಖರ್ಚು ಮಾತ್ರ ನಿಲ್ಲದು. ಫಿಲ್ಮನ್ನು ತೊಳೆದು ನೋಡುವತನಕ ತಪ್ಪುಒಪ್ಪುಗಳು ತಿಳಿಯವು; ತಪ್ಪಿದ್ದರೆ ಸುರುಳಿಯೂ ಶ್ರಮವೂ ವ್ಯರ್ಥ.

ಎಲ್ಲಕ್ಕಿಂತಲೂ ಕಠಿಣವಾದುದು ನಾಯಿಕೆಯ ಪ್ರಶ್ನೆ. ದಾದಾಸಾಹೇಬ ಫಾಲ್ಕೆಯವರು 1913ರ 'ರಾಜಾ ಹರಿಶ್ಚಂದ್ರ'ಕ್ಕೆ ಸ್ತ್ರೀಯರು ದೊರೆಯದೆ, ಮುಂಬಯಿಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದ ಸಾಳುಂಕೆ ಎಂಬವರಿಗೆ ತಾರಾಮತಿಯ ಸೀರೆಯುಡಿಸಿದ್ದು ಹೋಟೆಲು ವೃತ್ತಿಯ ನಮ್ಮ ಬಂಧುಗಳಿಗೆ ತಿಳಿದಿರಬೇಕಾದ ಸಂಗತಿ. ಡೇನಿಯಲ್ಲರು ಹಾಗೆ ಮಾಡಲಿಲ್ಲ. ಪುಲಯ ಜಾತಿಯಲ್ಲಿ ಹುಟ್ಟಿ ಹುಲ್ಲು ಕೊಯ್ದು ಬದುಕುತ್ತಿದ್ದ ಪಿ. ಕೆ. ರೋಸಿ ಎಂಬ ತರುಣಿಗೆ ನಾಯರ್ ಮನೆತನದ ಸರೋಜಿನಿಯ ಪಾತ್ರವನ್ನು ಕೊಟ್ಟರು. ಮಲಯಾಳ ಚಿತ್ರಗಳ ಮೊದಲ ನಾಯಿಕೆ ಈಕೆಯೇ.

ಚಿತ್ರವು ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಆ ವರ್ಷವು 1928 ಎಂದು ಬಹುಕಾಲ ಪ್ರಚಲಿತವಾಗಿತ್ತು. ನಂತರದ ಸಂಶೋಧಕರು 1930 ಎನ್ನುತ್ತಾರೆ. ದಲಿತ ಸ್ತ್ರೀಯೊಬ್ಬಳು ಮೇಲ್ಜಾತಿಯವಳಾಗಿ ನಟಿಸಿದುದನ್ನು ಸಹಿಸದ ಜನರು ತೆರೆಯತ್ತ ಕಲ್ಲೆಸೆದರು. ರೋಸಿಗೆ ತಾನು ನಟಿಸಿದ ಚಿತ್ರವನ್ನು ನೋಡುವ ಭಾಗ್ಯವೂ ಲಭಿಸಲಿಲ್ಲ. ಆಕೆಯ ಗುಡಿಸಲಿಗೆ ಬೆಂಕಿಯಿಟ್ಟರೆಂದೂ ಹೇಳುತ್ತಾರೆ. ಆಕೆ ಊರು ಬಿಟ್ಟು ತಮಿಳುನಾಡಿನ ಕಡೆಗೆ ಓಡಿಹೋಗಿ, ಹೆಸರನ್ನು ಬದಲಿಸಿಕೊಂಡು, ಉಳಿದ ಆಯುಷ್ಯವನ್ನು ಯಾರಿಗೂ ಅರಿವಾಗದಂತೆ ಕಳೆದಳು. ಡೇನಿಯಲ್ಲರು ಕಳೆದುಕೊಂಡುದು ಹಣ. ರೋಸಿ ಕಳೆದುಕೊಂಡುದು ಹುಟ್ಟಿದ ಊರನ್ನು, ತನ್ನ ಹೆಸರನ್ನು.

ಚಿತ್ರವು ಹಾಕಿದ ಹಣವನ್ನು ತರಲಿಲ್ಲ. ಸಾಲ ತೀರಿಸಲು ಡೇನಿಯಲ್ಲರು ಸ್ಟುಡಿಯೋವನ್ನೂ ಸಲಕರಣೆಗಳನ್ನೂ ಮಾರಿದರು. ಆಮೇಲೆ ದಂತವೈದ್ಯರಾಗಿ ಸಂಸಾರವನ್ನು ಸಾಗಿಸಿದರು. ಚಿತ್ರದ ಪ್ರತಿಯೂ ಉಳಿಯಲಿಲ್ಲ. ಪತ್ರಕರ್ತ ಚೇಲಂಗಾಟ್ ಗೋಪಾಲಕೃಷ್ಣನ್ ಅವರು ಹುಡುಕಿ ಬರೆಯದಿರುತ್ತಿದ್ದರೆ ಅವರ ಹೆಸರೂ ಅಳಿದುಹೋಗುತ್ತಿತ್ತು.

ಸರಕಾರದ ನೆರವು ಸಹ ಸುಲಭವಾಗಿ ದೊರೆಯಲಿಲ್ಲ. 1956ರ ನವೆಂಬರ್ 1ರಂದು ಅಗಸ್ತೀಶ್ವರವು ಮದರಾಸು ರಾಜ್ಯಕ್ಕೆ ಸೇರಿತ್ತು. ಆದುದರಿಂದ ಅವರು ಕೇರಳದವರಲ್ಲವೆಂಬ ವಾದ ಹುಟ್ಟಿತು. ಮೂಕಚಿತ್ರಕ್ಕೆ ಮಲಯಾಳವೆಂಬ ಭಾಷೆಯೆಲ್ಲಿಯದೆಂಬ ಕೊಂಕೂ ಬಂತು. ಅದೇ ದಿನ ಕಾಸರಗೋಡು ಕೇರಳದ ಪಾಲಾದುದನ್ನು ಬಲ್ಲ ಕನ್ನಡಿಗರಿಗೆ, ನಕ್ಷೆಯ ಮೇಲಿನ ಒಂದು ಗೆರೆ ಮನುಷ್ಯನನ್ನು ಹೇಗೆ ತಬ್ಬಲಿಯಾಗಿಸುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

1975ರ ಏಪ್ರಿಲ್ 27ರಂದು ಡೇನಿಯಲ್ಲರು ನಿಧನಹೊಂದಿದರು. ಅವರು ತೀರಿಕೊಂಡು ಹದಿನೇಳು ವರ್ಷಗಳಾದ ಮೇಲೆ, 1992ರಲ್ಲಿ, ಕೇರಳ ಸರಕಾರವು ಮಲಯಾಳ ಚಿತ್ರರಂಗದ ಜೀವಮಾನದ ಸೇವೆಗಾಗಿ ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. 2013ರಲ್ಲಿ ಕಮಲ್ ಅವರು ಅವರ ಜೀವನವನ್ನೇ 'ಸೆಲ್ಯುಲಾಯ್ಡ್' ಎಂಬ ಚಿತ್ರವಾಗಿಸಿದರು. ರೋಸಿಯ ಹೆಸರಿನಲ್ಲಿ ಮಲಯಾಳ ಚಿತ್ರರಂಗದ ಮಹಿಳೆಯರು 2019ರಲ್ಲಿ ಚಿತ್ರಸಂಘವೊಂದನ್ನು ಕಟ್ಟಿದ್ದಾರೆ. ಮಳೆ, ಮೋಡ, ಹಣದ ಮುಗ್ಗಟ್ಟುಗಳನ್ನು ಆ ಬಡ ನಿರ್ಮಾಪಕನು ಗೆದ್ದಿದ್ದನು. ಅವನನ್ನು ಸೋಲಿಸಿದುದು ಟಿಕೇಟು ಕೊಂಡು ಒಳಗೆ ಕುಳಿತಿದ್ದ ಜನರ ಜಾತಿಯ ಅಭಿಮಾನ. ಸತ್ತ ಮೇಲೆ ಹಾರ ಹಾಕುವುದು ಸುಲಭ. ಬದುಕಿರುವಾಗ ಕಲ್ಲೆಸೆಯದಿರುವುದು ಅದಕ್ಕಿಂತ ಮಿಗಿಲಾದ ಗೌರವ.