ಭಾಭಾ ಕೂಡ ಮೆಕ್ಯಾನಿಕಲ್ಲೇ!

ದೇವದುರ್ಗ, ಮಾನ್ವಿ ಕಡೆಯಿಂದ ರಾಯಚೂರಿಗೆ ಓದಕ್ಕೆ ಬಂದ ನಮ್ಮಲ್ಲಿ ಬಹಳ ಮಂದಿಗೆ ಬ್ರ್ಯಾಂಚ್ ಆರಿಸಿದ್ದು ಮನೆಯವರೇ. 1909ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹೋಮಿ ಭಾಭಾ ಅವರ ಕಥೆಯೂ ಅದೇ ನೋಡ್ರಿ. ಮಗ ಮೆಕ್ಯಾನಿಕಲ್ ಮುಗಿಸಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಅಂತ ಅಪ್ಪ ಕೇಂಬ್ರಿಜ್‌ಗೆ ಕಳಿಸಿದರು. ಮಗನಿಗೆ ಬೇಕಾದದ್ದು ಭೌತಶಾಸ್ತ್ರ. ಮೊದಲು ಫಸ್ಟ್ ಕ್ಲಾಸ್ ತಂದರೆ ಆಮೇಲೆ ಗಣಿತ ಓದಿಸೋದು ಅಂತ ಒಪ್ಪಂದವಾಯ್ತು. 1930ರಲ್ಲಿ ತಂದೇಬಿಟ್ಟರು! (ನಮ್ಮ ಬ್ಯಾಕ್‌ಲಾಗ್ ವಿಷಯ ಇಲ್ಲಿ ಬೇಡ.)

1939ರಲ್ಲಿ ರಜೆಗೆ ಬಂದಿದ್ದಾಗ ಯುದ್ಧ ಶುರುವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1945ರಲ್ಲಿ ಅಲ್ಲೇ ಟಿಐಎಫ್‌ಆರ್ ಕಟ್ಟಿದರು. ಅದೇ ವರ್ಷ ಅದು ಮುಂಬಯಿಗೆ ಹೋಯ್ತು. 1961ರ ಬೇಸಿಗೆಯಲ್ಲಿ ಟಿಐಎಫ್‌ಆರ್ ಬೆಂಗಳೂರಿನಲ್ಲೇ ಸೈದ್ಧಾಂತಿಕ ಭೌತಶಾಸ್ತ್ರದ ಶಾಲೆ ನಡೆಸಿತು. ಮರ್ರೆ ಗೆಲ್‌-ಮನ್, ಡಾಲಿಟ್ಜ್ ಬಂದು ನಮ್ಮ ಯುವ ಸಂಶೋಧಕರಿಗೆ ಪಾಠ ಮಾಡಿದರು.

1966ರ ಜನವರಿ 24ರಂದು ಆಲ್ಪ್ಸ್ ಪರ್ವತದಲ್ಲಿ ವಿಮಾನ ಅಪ್ಪಳಿಸಿ ಭಾಭಾ ತೀರಿಕೊಂಡರು. ಗೆಲ್‌-ಮನ್‌ಗೆ ನೊಬೆಲ್ ಬಂದದ್ದು 1969ರಲ್ಲಿ.